ತಾಳಿದವರೆಲ್ಲ ಬಾಳಿದರೇ?

ಕನ್ನಡದ ಪುಸ್ತಕದಂಗಡಿಗಳಲ್ಲಿ ಮನಸ್ಸಿನ ಕಾಯಿಲೆಯ ಕುರಿತ ಬರಹ ಎರಡು ಕಪಾಟುಗಳಲ್ಲಿ ಹಂಚಿಹೋಗಿದೆ. ಒಂದು 'ಆರೋಗ್ಯ' ಅಥವಾ 'ವ್ಯಕ್ತಿತ್ವ ವಿಕಸನ' ಎಂಬ ಚೀಟಿ ಅಂಟಿಸಿದ ಕಪಾಟು. ಅಲ್ಲಿ ಮನೋವೈದ್ಯರು ಬರೆದ ತೆಳ್ಳನೆಯ, ಅಗ್ಗದ, ಮತ್ತೆ ಮತ್ತೆ ಮುದ್ರಣ ಕಾಣುವ ಕೈಪಿಡಿಗಳಿರುತ್ತವೆ. ಇನ್ನೊಂದು ಕಾದಂಬರಿಗಳ ಕಪಾಟು. ಅಲ್ಲಿ ತ್ರಿವೇಣಿಯವರ 'ಶರಪಂಜರ' ಇರುತ್ತದೆ. ಈ ಎರಡು ಕಪಾಟುಗಳ ನಡುವೆ ನಾಲ್ಕು ಹೆಜ್ಜೆ ದೂರವಿರಬಹುದು. ಆದರೆ ನಮ್ಮ ವಿಮರ್ಶೆ ಆ ನಾಲ್ಕು ಹೆಜ್ಜೆಗಳನ್ನು ನಡೆದದ್ದು ಅಪರೂಪ. ಕಾದಂಬರಿಯ ಬಗ್ಗೆ ಬರೆಯುವವರು ಕೈಪಿಡಿಯನ್ನು ಸಾಹಿತ್ಯವೆಂದು ಎಣಿಸುವುದಿಲ್ಲ. ಕೈಪಿಡಿಯನ್ನು ಓದುವವರಿಗೆ ಕಾದಂಬರಿ ಎಂದರೆ ಕಟ್ಟುಕಥೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಏನು ಕಾಣುತ್ತದೆ ಎಂಬುದು ಈ ಬರಹದ ಪ್ರಶ್ನೆ.

ಪ್ರಶ್ನೆಗೆ ಒಂದು ಊರೂ ಇದೆ. ಕನ್ನಡದಲ್ಲಿ ಮನೋವೈದ್ಯಕೀಯವನ್ನು ಮನೆಮಾತಾಗಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರು ಚನ್ನಪಟ್ಟಣದವರು. 2024ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂದಾಗ 'ಸಿ.ಆರ್.' ಎಂಬ ಎರಡಕ್ಷರ ಬಿಡಿಸಿಕೊಂಡಿತು: ಚನ್ನಪಟ್ಟಣ ರಾಜಣ್ಣಾಚಾರ್. ಊರು ಮತ್ತು ತಂದೆ. ನಾನು ಓದುವುದೂ ಪಾಠ ಮಾಡುವುದೂ ಇದೇ ಸೀಮೆಯಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಹೆಸರು ಯಾವುದಾದರೂ ಇರಲಿ, ಇದು ಒಂದು ಕಾಲು ಹೊಲದಲ್ಲಿ, ಇನ್ನೊಂದು ಕಾಲು ಬೆಂಗಳೂರಿನಲ್ಲಿ ಇಟ್ಟುಕೊಂಡ ಸೀಮೆ. ಇಲ್ಲಿನ ವಿದ್ಯಾರ್ಥಿಗಳು ಕೈಪಿಡಿಗಳನ್ನು ಓದುತ್ತಾರೆ, ಕಾದಂಬರಿಗಳನ್ನೂ ಓದುತ್ತಾರೆ. ಎರಡೂ ಹೇಳುವುದು ಒಂದೇ ಅಲ್ಲ ಎಂದು ಅವರಿಗೆ ಅನ್ನಿಸುತ್ತದೆ. ಎಲ್ಲಿ ಬೇರೆಯಾಗುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಮೊದಲು ಕೈಪಿಡಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಕನ್ನಡದಲ್ಲಿ ಈ ಬಗೆಯ ಬರಹಕ್ಕೆ ಒಂದು ಪರಂಪರೆಯಿದೆ. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆಯನ್ನು ಆರಂಭಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೈದ್ಯರು. ಅವರ 'ಮನಮಂಥನ' ಮನೋವೈದ್ಯಕೀಯದ ಕುರಿತ ಪುಸ್ತಕ, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಯ ಬಗ್ಗೆ ಬರೆದ ಪುಸ್ತಕವೊಂದನ್ನು ಸಾಹಿತ್ಯದ ಅತ್ಯುನ್ನತ ಮನ್ನಣೆಗಳಲ್ಲೊಂದು ಹುಡುಕಿಕೊಂಡು ಬಂದ ಭಾಷೆ ನಮ್ಮದು. ಇದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಚಂದ್ರಶೇಖರ್ ಅವರ ದಾರಿ ಇನ್ನೂ ಬೇರೆ. ಅವರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಎಪ್ಪತ್ತರ ದಶಕದ ನಡುವೆ ಆ ಸಂಸ್ಥೆ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ ತರಬೇತಿ ಕೊಟ್ಟರೆ ಸಾಕು, ಎಲ್ಲರೂ ಬೆಂಗಳೂರಿಗೆ ಬರಬೇಕಿಲ್ಲ ಎಂಬ ಯೋಚನೆ ಅಲ್ಲಿ ಬೆಳೆಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ಬಳ್ಳಾರಿ ಜಿಲ್ಲೆಯ ಪ್ರಯೋಗ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಇವೆಲ್ಲವೂ ಇದೇ ಯೋಚನೆಯ ಕವಲುಗಳು. ಚಂದ್ರಶೇಖರ್ ಅವರ ಇನ್ನೂರಕ್ಕೂ ಮಿಕ್ಕಿದ ಪುಸ್ತಕಗಳನ್ನು ನಾನು ಈ ಕೆಲಸದ ಮುಂದುವರಿಕೆಯಾಗಿಯೇ ಓದುತ್ತೇನೆ. ವೈದ್ಯ ಹೋಗಲಾರದ ಊರಿಗೆ ಪುಸ್ತಕ ಹೋಗುತ್ತದೆ.

ಅವರ ವಾಕ್ಯಗಳು ಚಿಕ್ಕವು. ರೂಪಕಗಳು ಕಡಿಮೆ. ಲಕ್ಷಣಗಳ ಪಟ್ಟಿ, ಪ್ರಶ್ನೆ-ಉತ್ತರ, ಏನು ಮಾಡಬೇಕು, ಏನು ಮಾಡಬಾರದು. ಸಾಹಿತ್ಯದ ವಿದ್ಯಾರ್ಥಿಗೆ ಇದು ಸಪ್ಪೆ ಎನಿಸಬಹುದು. ಆದರೆ ಖಿನ್ನತೆ, ಆತಂಕ, ಗೀಳು ಎಂಬ ಮಾತುಗಳು ಇಂದು ಹಳ್ಳಿಯ ಮನೆಯ ಜಗಲಿಯಲ್ಲೂ ಕಾಯಿಲೆಯ ಹೆಸರಾಗಿ ಕೇಳಿಸುತ್ತಿದ್ದರೆ, ಅದರಲ್ಲಿ ಈ ಸಪ್ಪೆ ಗದ್ಯದ ಪಾಲು ದೊಡ್ಡದು. 'ಅವಳಿಗೆ ಗಾಳಿ ಸೋಕಿದೆ' ಎನ್ನುವ ಕಡೆ 'ಇದು ಕಾಯಿಲೆ, ಇದಕ್ಕೆ ಔಷಧಿ ಇದೆ' ಎಂದು ಹೇಳುವ ವಾಕ್ಯಕ್ಕೆ ಅಲಂಕಾರ ಬೇಕಿಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಸಮೀಕ್ಷೆಯ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇಂಥ ಕಡೆ ಸರಳತೆಯನ್ನು ದೋಷವೆಂದು ಕರೆಯಲು ನನಗೆ ಮನಸ್ಸು ಬಾರದು.

ನನ್ನ ತಕರಾರು ಬೇರೆ ಕಡೆ ಇದೆ. ಅದು ಒಬ್ಬ ಲೇಖಕರ ಮೇಲಿನದಲ್ಲ, ಇಡೀ ಪ್ರಕಾರದ ಮೇಲಿನದು. ಕನ್ನಡದ ಜನಪ್ರಿಯ ಮನೋವಿಜ್ಞಾನವು ಕಾಯಿಲೆಯ ಬಗ್ಗೆ ಮಾತನಾಡುವಾಗ ಒಂದು ದನಿ, ಆರೋಗ್ಯದ ಬಗ್ಗೆ ಮಾತನಾಡುವಾಗ ಇನ್ನೊಂದು ದನಿ. ಕಾಯಿಲೆಯ ಅಧ್ಯಾಯದಲ್ಲಿ ವೈದ್ಯರಿರುತ್ತಾರೆ. ನಿಮ್ಮದು ತಪ್ಪಲ್ಲ, ಮೆದುಳಿನ ರಾಸಾಯನಿಕಗಳಲ್ಲಿ ಏರುಪೇರಾಗಿದೆ ಎನ್ನುತ್ತಾರೆ. ಆರೋಗ್ಯದ ಅಧ್ಯಾಯಕ್ಕೆ ಬಂದ ಕೂಡಲೇ ಮನೆಯ ಹಿರಿಯರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಆಸೆ ಕಡಿಮೆ ಮಾಡಿಕೊಳ್ಳಿ, ಇದ್ದುದರಲ್ಲಿ ತೃಪ್ತಿಪಡಿ, ಕೋಪ ಬೇಡ, ಹೊಂದಿಕೊಂಡು ಹೋಗಿ. ಒಳ್ಳೆಯ ಮೌಲ್ಯಗಳಿದ್ದರೆ ಮನಸ್ಸು ಆರೋಗ್ಯವಾಗಿರುತ್ತದೆ ಎಂಬುದು ಈ ಅಧ್ಯಾಯದ ತಿರುಳು. ಇದನ್ನು ತಿರುಗಿಸಿ ಓದಿದರೆ ಏನಾಗುತ್ತದೆ? ಮನಸ್ಸು ಆರೋಗ್ಯವಾಗಿಲ್ಲ ಎಂದರೆ ಮೌಲ್ಯಗಳು ಸರಿಯಿಲ್ಲ ಎಂದಾಗುತ್ತದೆ. ಮೊದಲ ಅಧ್ಯಾಯ ಇಳಿಸಿದ ಅಪವಾದದ ಹೊರೆಯನ್ನು ಎರಡನೆಯ ಅಧ್ಯಾಯ ಮತ್ತೆ ತಲೆಗೆ ಹೊರಿಸುತ್ತದೆ. ಖಿನ್ನತೆಯಲ್ಲಿರುವ ಓದುಗ ಪುಸ್ತಕವನ್ನು ತಿರುಗಿಸಿಯೇ ಓದುತ್ತಾನೆ. ಏಕೆಂದರೆ ತನ್ನನ್ನು ತಾನು ದೂರಿಕೊಳ್ಳುವುದು ಆ ಕಾಯಿಲೆಯ ಲಕ್ಷಣ.

ಇಲ್ಲಿ 'ಭಾವನಾತ್ಮಕ ಬುದ್ಧಿವಂತಿಕೆ' ಎಂಬ ಮಾತು ಬರುತ್ತದೆ. ಡೇನಿಯಲ್ ಗೋಲ್ಮನ್ ಅವರ 1995ರ ಪುಸ್ತಕದಿಂದ ಇದು ಲೋಕಪ್ರಿಯವಾಯಿತು, ಈಗ ನಮ್ಮ ಕಾಲೇಜುಗಳ ಕಾರ್ಯಾಗಾರಗಳ ಬ್ಯಾನರ್‌ಗಳಲ್ಲೂ ಕಾಣುತ್ತದೆ. ಆದರೆ ಅದಕ್ಕೂ ಮೊದಲು, 1990ರಲ್ಲಿ, ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು ಈ ಪರಿಕಲ್ಪನೆಯನ್ನು ಮುಂದಿಟ್ಟಿದ್ದರು. ಮುಂದೆ ಅವರು ಅದನ್ನು ನಾಲ್ಕು ಸಾಮರ್ಥ್ಯಗಳಾಗಿ ವಿಂಗಡಿಸಿದರು: ತನ್ನ ಮತ್ತು ಇತರರ ಭಾವನೆಗಳನ್ನು ಗ್ರಹಿಸುವುದು, ಯೋಚನೆಗೆ ಅವುಗಳ ನೆರವು ಪಡೆಯುವುದು, ಅವು ಹೇಗೆ ಹುಟ್ಟಿ ಹೇಗೆ ಬದಲಾಗುತ್ತವೆ ಎಂದು ಅರ್ಥಮಾಡಿಕೊಳ್ಳುವುದು, ಕೊನೆಗೆ ಅವುಗಳನ್ನು ನಿಭಾಯಿಸುವುದು. ಈ ಕ್ರಮ ಮುಖ್ಯ. ಗ್ರಹಿಕೆ ಮೊದಲು, ನಿಭಾವಣೆ ಕೊನೆಗೆ. ಕಾರ್ಯಾಗಾರಗಳ ಬ್ಯಾನರ್‌ಗೆ ಬರುವ ಹೊತ್ತಿಗೆ ಮೊದಲ ಮೂರು ಉದುರಿಹೋಗಿ ಕೊನೆಯದು ಮಾತ್ರ ಉಳಿದಿದೆ, ಅದೂ 'ಹತೋಟಿ' ಎಂಬ ಹೆಸರಿನಲ್ಲಿ. ಕೋಪವನ್ನು ಹತೋಟಿಯಲ್ಲಿಡಿ. ಯಾಕೆ ಕೋಪ ಬಂತು ಎಂದು ಕೇಳುವವರಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂಬ ಗಾದೆ ನಮ್ಮಲ್ಲಿದೆ. ಮೂಗು ಕೊಯ್ಯುವಷ್ಟು ಕೋಪ ಎಲ್ಲಿಂದ ಬಂತು ಎಂದು ಕೇಳುವ ಗಾದೆ ಇದ್ದಂತಿಲ್ಲ.

ಮೌಲ್ಯಗಳ ವಿಷಯದಲ್ಲೂ ಹೀಗೇ. ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ ಮನುಷ್ಯರ ಮೂಲ ಮೌಲ್ಯಗಳನ್ನು ಹತ್ತು ಗುಂಪುಗಳಾಗಿ ಗುರುತಿಸಿ, ಅವುಗಳನ್ನು ಒಂದು ವೃತ್ತದಲ್ಲಿ ಕೂರಿಸಿದರು. ವೃತ್ತದಲ್ಲಿ ಅಕ್ಕಪಕ್ಕ ಇರುವ ಮೌಲ್ಯಗಳು ಹೊಂದಿಕೊಳ್ಳುತ್ತವೆ, ಎದುರುಬದುರು ಇರುವವು ಜಗ್ಗಾಡುತ್ತವೆ. ಸಂಪ್ರದಾಯ, ಭದ್ರತೆಗಳು ಒಂದು ಕಡೆಯಾದರೆ ಸ್ವನಿರ್ಧಾರ ಇನ್ನೊಂದು ಕಡೆ. ಅಂದರೆ ಮೌಲ್ಯವಂತರಾದರೆ ನೆಮ್ಮದಿ ಎಂಬ ಲೆಕ್ಕ ಅಷ್ಟು ಸುಲಭವಲ್ಲ. ನಮ್ಮೊಳಗೇ ಎರಡು ಒಳ್ಳೆಯ ಮೌಲ್ಯಗಳು ಒಂದನ್ನೊಂದು ಹಿಡಿದು ಜಗ್ಗುತ್ತಿರಬಹುದು. ಅಪ್ಪನ ಮಾತು ಮೀರಬಾರದು ಎಂಬುದೂ ಮೌಲ್ಯ, ತನ್ನ ಬದುಕನ್ನು ತಾನು ಆರಿಸಿಕೊಳ್ಳಬೇಕು ಎಂಬುದೂ ಮೌಲ್ಯ. ಕನಕಪುರದಿಂದಲೋ ಮಾಗಡಿಯಿಂದಲೋ ಬೆಳಗ್ಗೆ ಬಸ್ಸು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗಿ ರಾತ್ರಿ ಮನೆಗೆ ಮರಳುವ ಹುಡುಗಿ ಈ ಎರಡರ ನಡುವಿನ ದೂರವನ್ನು ದಿನಕ್ಕೆರಡು ಸಲ ಕ್ರಮಿಸುತ್ತಾಳೆ. ಅವಳಿಗೆ 'ಮೌಲ್ಯಗಳನ್ನು ಬೆಳೆಸಿಕೋ' ಎಂದರೆ ಯಾವುದನ್ನು ಎಂದು ಅವಳು ಕೇಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೈಪಿಡಿಗಿಂತ ಮೊದಲೇ ಕೇಳಿದ್ದು 'ಶರಪಂಜರ'. ತ್ರಿವೇಣಿ 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. ಮನಶ್ಶಾಸ್ತ್ರವನ್ನು ಓದಿದ್ದವರು. ಪುಟ್ಟಣ್ಣ ಕಣಗಾಲ್ ಎಪ್ಪತ್ತರ ದಶಕದ ಆರಂಭದಲ್ಲಿ ಇದನ್ನು ಸಿನಿಮಾ ಮಾಡಿದ ಮೇಲೆ ಕಲ್ಪನಾ ಅವರ ಮುಖವೇ ಕಾವೇರಿಯ ಮುಖವಾಗಿಬಿಟ್ಟಿತು. ಕಾದಂಬರಿಯನ್ನು ಕಾದಂಬರಿಯಾಗಿ ಓದುವುದು ಆಮೇಲೆ ಕಷ್ಟವಾಯಿತು ಎನ್ನಬೇಕು.

ಕತೆ ಬಹುತೇಕರಿಗೆ ಗೊತ್ತು. ಪ್ರೀತಿಸಿ ಮದುವೆಯಾದ ಕಾವೇರಿ, ಸತೀಶ. ತುಂಬಿದ ಸಂಸಾರ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಆ ಸ್ಥಿತಿಯಲ್ಲಿ, ಮದುವೆಗೆ ಮುಂಚಿನ ಒಂದು ಘಟನೆ, ಅವಳು ಯಾರಿಗೂ ಹೇಳದೆ ಒಳಗೇ ಹೂತಿಟ್ಟದ್ದು, ಬಾಯಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಅವಳು ಗುಣಮುಖಳಾಗುತ್ತಾಳೆ. ಮನೆಗೆ ಮರಳುತ್ತಾಳೆ. ಮನೆ ಅವಳಿಗೆ ಮರಳುವುದಿಲ್ಲ. ನೆರೆಹೊರೆಗೆ ಅವಳು ಹುಚ್ಚಿ. ಗಂಡನಿಗೆ ಅವಳು ಒಂದು ಸಂಶಯ, ಒಂದು ಮುಜುಗರ. ಅವನ ಮನಸ್ಸು ಇನ್ನೊಬ್ಬಳ ಕಡೆ ತಿರುಗಿದೆ ಎಂದು ತಿಳಿದಾಗ ಅವಳು ಮತ್ತೆ ಕಾಯಿಲೆಗೆ ಜಾರುತ್ತಾಳೆ.

ಕೈಪಿಡಿಯ ಆರೋಗ್ಯ ಅಧ್ಯಾಯವನ್ನು ಕೈಯಲ್ಲಿ ಹಿಡಿದು ಈ ಕಾದಂಬರಿಯನ್ನು ಓದಿ ನೋಡಿ. ಕಾವೇರಿಗೆ ಮೌಲ್ಯಗಳ ಕೊರತೆಯಿತ್ತೇ? ಅವಳ ಹಿಂಸೆಯೆಲ್ಲ ಮೌಲ್ಯಗಳಿಂದಲೇ ಬಂದದ್ದು. ಶೀಲದ ಬಗ್ಗೆ ಅವಳಿಗೆ ಕಲಿಸಿದ್ದನ್ನು ಅವಳು ಅಷ್ಟು ಆಳವಾಗಿ ನಂಬಿರದಿದ್ದರೆ ಆ ಗುಟ್ಟು ಅವಳನ್ನು ಅಷ್ಟು ಸುಡುತ್ತಿರಲಿಲ್ಲ. ಅವಳಿಗೆ ಹತೋಟಿಯ ಕೊರತೆಯಿತ್ತೇ? ವರ್ಷಗಟ್ಟಲೆ ಒಂದು ಮಾತನ್ನು ನಾಲಿಗೆಯ ಮೇಲೆ ಬಾರದಂತೆ ತಡೆದವಳು ಅವಳು. ಶರಪಂಜರ ಎಂದರೆ ಬಾಣಗಳ ಪಂಜರ. ಆ ಬಾಣಗಳು ಹೊರಗಿನಿಂದ ಬಂದವು ಮಾತ್ರವಲ್ಲ, ಅವಳೇ ಒಪ್ಪಿಕೊಂಡು ಬೆಳೆಸಿಕೊಂಡ ನಂಬಿಕೆಗಳೂ ಬಾಣಗಳೇ. ದಾರಿ ತೋರಿಸುವ ಮೌಲ್ಯವೇ ಅಳತೆಗೋಲಾದಾಗ, ಆ ಅಳತೆಗೋಲನ್ನು ಬೇರೆಯವರು ಹಿಡಿದಾಗ, ಅದೇ ಬಾಣವಾಗುತ್ತದೆ.

ಸಾಲೊವೆ-ಮೇಯರ್ ಹೇಳಿದ ಮೊದಲ ಸಾಮರ್ಥ್ಯ, ಅಂದರೆ ಗ್ರಹಿಸುವುದು, ಕಾದಂಬರಿಯಲ್ಲಿ ಯಾರಿಗೆ ಇಲ್ಲ? ಸತೀಶನಿಗೆ. ತ್ರಿವೇಣಿ ಅವನನ್ನು ಖಳನನ್ನಾಗಿ ಮಾಡಿಲ್ಲ, ಮತ್ತು ಅಲ್ಲಿಯೇ ಅವರ ಶಕ್ತಿಯಿದೆ ಎಂದು ನನಗನ್ನಿಸುತ್ತದೆ. ಅವನು ಓದಿದವನು, ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುತ್ತಾನೆ, ಕಾಯಿಲೆ ಎಂದು ಒಪ್ಪುತ್ತಾನೆ. ಆದರೆ ಕಾಯಿಲೆಯಲ್ಲಿ ಬಂದ ಮಾತನ್ನು ಮಾತ್ರ ಕಾಯಿಲೆ ಎಂದು ಒಪ್ಪುವುದಿಲ್ಲ, ಅದನ್ನು ಸಾಕ್ಷ್ಯ ಎಂದು ಓದುತ್ತಾನೆ. ಅವಳ ಮಿಕ್ಕೆಲ್ಲ ಮಾತು ಹುಚ್ಚು, ಅದೊಂದು ಮಾತ್ರ ನಿಜ. ಒಂದೇ ಬಾಯಿಂದ ಬಂದ ಮಾತುಗಳನ್ನು ತನಗೆ ಬೇಕಾದಂತೆ ವಿಂಗಡಿಸುವ ಈ ಓದು ಎಷ್ಟು ಮನೆಗಳಲ್ಲಿ ನಡೆದಿರಬಹುದು. ಭಾವನಾತ್ಮಕ ಬುದ್ಧಿವಂತಿಕೆಯ ಪಾಠ ಕಾವೇರಿಗಿಂತ ಸತೀಶನಿಗೆ ಬೇಕಿತ್ತು. ಆದರೆ ಅಂಥ ಪುಸ್ತಕಗಳು ಬಿಕರಿಯಾಗುವುದು ನೋಯುತ್ತಿರುವವರಿಗೇ ಹೊರತು ನೋಯಿಸುತ್ತಿರುವವರಿಗಲ್ಲ.

ಹಾಗೆಂದು ಕಾದಂಬರಿ ಎಲ್ಲ ಸರಿ, ಕೈಪಿಡಿ ಎಲ್ಲ ತಪ್ಪು ಎಂದು ತೀರ್ಪು ಕೊಡಲಾರೆ. 'ಶರಪಂಜರ'ದ ಕಟ್ಟಡದಲ್ಲೇ ಒಂದು ತೊಡಕಿದೆ. ಅದು ಹೆರಿಗೆಯ ನಂತರದ ಕಾಯಿಲೆಯನ್ನೂ ಹೂತಿಟ್ಟ ಗುಟ್ಟನ್ನೂ ಒಂದೇ ದಾರದಲ್ಲಿ ಕಟ್ಟುತ್ತದೆ. ಓದುಗರು ಸಹಜವಾಗಿಯೇ ಗುಟ್ಟೇ ಕಾಯಿಲೆಯ ಕಾರಣ ಎಂದು ತಿಳಿಯುತ್ತಾರೆ. ಬಾಣಂತಿಯರಿಗೆ ಬರುವ ತೀವ್ರ ಮನೋರೋಗ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ವೈದ್ಯಕೀಯ ಹೇಳುತ್ತದೆ. ಗುಟ್ಟಿರುವವರಿಗೂ ಬರುತ್ತದೆ, ಗುಟ್ಟಿಲ್ಲದವರಿಗೂ ಬರುತ್ತದೆ. ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ, ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಕಾದಂಬರಿಯನ್ನು ಮಾತ್ರ ಓದಿದ ಅತ್ತೆಯೊಬ್ಬಳು ಬಾಣಂತಿ ಸೊಸೆ ಬಡಬಡಿಸಿದಾಗ 'ಇವಳು ಏನನ್ನು ಮುಚ್ಚಿಟ್ಟಿದ್ದಾಳೆ' ಎಂದು ಯೋಚಿಸಿದರೆ ಆಶ್ಚರ್ಯವಿಲ್ಲ. ಅದೇ ಅತ್ತೆಯ ಕೈಯಲ್ಲಿ ಕೈಪಿಡಿಯಿದ್ದರೆ ಅವಳು ಆಸ್ಪತ್ರೆಯ ದಾರಿ ಹಿಡಿದಾಳು. ಕಾರಣ ಹುಡುಕುವುದು ಕತೆಯ ಚಟ. ಕಾಯಿಲೆಗೆ ಯಾವಾಗಲೂ ಕತೆ ಇರಬೇಕಿಲ್ಲ. ಈ ಒಂದು ವಿಷಯದಲ್ಲಿ ಸಪ್ಪೆ ಗದ್ಯ ಒಳ್ಳೆಯ ಕಾದಂಬರಿಗಿಂತ ಹೆಚ್ಚು ಕರುಣೆ ತೋರಿಸುತ್ತದೆ.

ಕಾವೇರಿಗೆ ತನ್ನ ಮಾತನ್ನು ಹೇಳಲು ಕಾಯಿಲೆಯೇ ಬರಬೇಕಾಯಿತು ಎಂಬುದನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು ಎಂಬತ್ತರ ದಶಕದ ಆರಂಭದಲ್ಲಿ ಮೈಮೇಲೆ ದೇವರು, ದೆವ್ವ ಬರುವ ವಿದ್ಯಮಾನದ ಬಗ್ಗೆ ಸಂಶೋಧನೆ ನಡೆಸಿದ್ದರು. ವೈದ್ಯಕೀಯದ ಕಣ್ಣಿಗೆ ಅದು ಹೇಳಲಾಗದ ಸಂಕಟ ಕಂಡುಕೊಂಡ ಒಂದು ದಾರಿ. ಮೈದುಂಬಿದ ಸೊಸೆ ಅತ್ತೆಗೆ ಏಕವಚನದಲ್ಲಿ ಮಾತನಾಡಬಹುದು, ಅತ್ತೆ ಕೈಮುಗಿದು ಕೇಳಬೇಕು. ಮರುದಿನ ಅದೇ ಸೊಸೆ ಅದೇ ಮಾತನ್ನು ಹೇಳುವಂತಿಲ್ಲ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಇದನ್ನು ನೋಡದವರಾರು? ಹೆಂಗಸಿನ ಸಂಕಟ ಮಾತಾಗಲು ದೇವರಾಗಬೇಕು, ಇಲ್ಲವೇ ಹುಚ್ಚಾಗಬೇಕು. ಸುಮ್ಮನೆ ಮನುಷ್ಯಳಾಗಿ ಹೇಳಲು ಜಾಗವಿಲ್ಲ. ಹಳ್ಳಿಯ ಮೈದುಂಬುವಿಕೆಗೂ ಮಧ್ಯಮವರ್ಗದ ಕಾವೇರಿಯ ಪ್ರಲಾಪಕ್ಕೂ ಇರುವ ಈ ನಂಟು ಎರಡು ಕಪಾಟುಗಳನ್ನು ಒಟ್ಟಿಗೆ ಓದದಿದ್ದರೆ ಕಾಣುವುದಿಲ್ಲ.

ಹಾಗಾದರೆ ಹಿಂದೆ ಜಾಗವಿತ್ತೇ? ರಾಮನಗರದ ಬಳಿ, ಹೆದ್ದಾರಿಯ ಪಕ್ಕದಲ್ಲಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ ಅವರು 1994ರಲ್ಲಿ ಇದನ್ನು ನಾಡಿಗೆ ತೆರೆದರು. ಹಳ್ಳಿಯ ಬದುಕಿನ ಸಲಕರಣೆಗಳು ಅಲ್ಲಿ ಸಾಲಾಗಿ ಕೂತಿವೆ. ಬೀಸುವ ಕಲ್ಲಿನ ಮುಂದೆ ನಿಂತಾಗ ಅದರ ಮುಂದೆ ಹುಟ್ಟಿದ ಪದಗಳ ನೆನಪಾಗುತ್ತದೆ. ಬೀಸುವ ಪದಗಳಲ್ಲಿ ತವರಿದೆ, ಅಣ್ಣನಿದ್ದಾನೆ, ಮಕ್ಕಳಿಲ್ಲದ ನೋವಿದೆ, ಸವತಿಯ ಮೇಲಿನ ಹೊಟ್ಟೆಕಿಚ್ಚಿದೆ. ಭಾವನೆಯನ್ನು ಗ್ರಹಿಸಿ ಅದಕ್ಕೊಂದು ಹೆಸರು ಕೊಡುವ ಕೆಲಸ ಕಲ್ಲಿನ ಎರಡು ಬದಿಯಲ್ಲಿ ಕೂತ ಇಬ್ಬರು ಹೆಂಗಸರ ನಡುವೆ ನಡೆಯುತ್ತಿತ್ತು. ಹಿಟ್ಟಿನ ಗಿರಣಿ ಬಂದಾಗ ರಟ್ಟೆಯ ನೋವು ಹೋಯಿತು, ಆ ಮಾತುಕತೆಯೂ ಹೋಯಿತು.

ಆದರೆ ಇಲ್ಲಿ ಹಳಹಳಿಕೆಗೆ ಜಾರುವುದು ಬಹಳ ಸುಲಭ. ಅದೇ ಪದಗಳು ತಾಳ್ಮೆಯನ್ನು ಹೆಣ್ಣಿನ ಒಡವೆ ಎಂದು ಕಲಿಸಿದವು. ನೋವನ್ನು ಹೇಳಿಕೊಳ್ಳಲು ಬಿಟ್ಟವು, ನೋವಿನ ಕಾರಣವನ್ನು ಬದಲಿಸು ಎನ್ನಲಿಲ್ಲ. 'ತಾಳಿದವನು ಬಾಳಿಯಾನು' ಎಂಬ ಗಾದೆಯಲ್ಲಿ ತಾಳುವವನು ಗಂಡಸು, ಮನೆಯಲ್ಲಿ ತಾಳಿದವಳು ಮಾತ್ರ ಹೆಂಗಸು. ಬೀಸುವ ಕಲ್ಲು ಅವಳನ್ನು ಇನ್ನೊಂದು ದಿನ ಬದುಕಿಸಿತು. ಅದು ಸಣ್ಣ ಮಾತಲ್ಲ, ಆದರೆ ಅಷ್ಟೇ ಸಾಕಾಗಲೂ ಇಲ್ಲ.

ಇದು ಹೆಂಗಸರ ಮಾತು ಮಾತ್ರವಲ್ಲ. ಈ ಸೀಮೆಯ ಗಂಡಸರ ಬಾಣವೆಂದರೆ ಮರ್ಯಾದೆ. ರಾಮನಗರದ ಸುತ್ತಿನ ರೇಷ್ಮೆ ಬೆಳೆಗಾರನನ್ನೇ ನೋಡಿ. ಹುಳು ಸಾಕುವಷ್ಟು ಸೂಕ್ಷ್ಮವಾದ ಗಮನ ಬೇರೆ ಯಾವ ಕಸುಬಿನಲ್ಲಿದೆಯೋ ತಿಳಿಯೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ತಲೆಯೆತ್ತಿ ಸುಮ್ಮನಾಗುವ ಹಂತವನ್ನು ಇಲ್ಲಿ 'ಜ್ವರ' ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು, ಏಳುವವರೆಗೆ ಕಾಯಬೇಕು. ಹಣ್ಣಾದ ಹುಳುವನ್ನು ಬಣ್ಣ ನೋಡಿಯೇ ಗುರುತಿಸಿ ಚಂದ್ರಿಕೆಗೆ ಬಿಡುತ್ತಾರೆ. ಮಾತು ಬಾರದ ಜೀವದ ಮೌನವನ್ನು ಇಷ್ಟು ಚೆನ್ನಾಗಿ ಓದುವ ಮನೆಯಲ್ಲಿ, ಮಗ ಊಟ ಬಿಟ್ಟು ಸುಮ್ಮನೆ ಕೂತರೆ 'ಸೋಮಾರಿ' ಎನ್ನುತ್ತಾರೆ. ಗಮನಿಸುವ ಶಕ್ತಿ ನಮ್ಮಲ್ಲಿಲ್ಲ ಎಂದಲ್ಲ. ಅದನ್ನು ಎತ್ತ ತಿರುಗಿಸಬೇಕು ಎಂಬುದನ್ನು ನಮ್ಮ ಮೌಲ್ಯಗಳು ನಿರ್ಧರಿಸುತ್ತವೆ. ಬೆಳೆ ಕೆಟ್ಟರೆ ಊರಿಗೆ ತಿಳಿಯುತ್ತದೆ, ಮನಸ್ಸು ಕೆಟ್ಟರೆ ಮನೆಯಿಂದ ಹೊರಗೆ ಹೋಗಬಾರದು.

ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ಆ ಬೆಳೆಗಾರನಿಗೆ ಸಾಲಕ್ಕಿಂತ ಸಾಲ ಕೊಟ್ಟವನ ಎದುರು ನಿಲ್ಲುವುದು ಭಾರ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರಲ್ಲಿ ತೆರೆದು ಊರುಗಳನ್ನು ಬಳಸಿ ಹೋದ ಮೇಲೆ ಚನ್ನಪಟ್ಟಣದ ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುವ ವಾಹನಗಳು ಕಡಿಮೆಯಾದವು. ಆಲೆಮರದ ತುಂಡನ್ನು ತಿರುಗಣಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಹಿಡಿಸುವ ಕುಶಲಕರ್ಮಿಗೆ ಅದು ಆದಾಯದ ನಷ್ಟ ಮಾತ್ರವಲ್ಲ. ಕೈಗೆ ಕಸುಬು ಬಲ್ಲವನು ಕೈ ಕಟ್ಟಿ ಕೂರುವ ಸ್ಥಿತಿ ಅದು. ಇವರಿಬ್ಬರ ಮುಂದೆ 'ಆಸೆಯೇ ದುಃಖಕ್ಕೆ ಮೂಲ, ಇದ್ದುದರಲ್ಲಿ ತೃಪ್ತಿಪಡಿ' ಎಂಬ ಅಧ್ಯಾಯವನ್ನು ತೆರೆದಿಟ್ಟರೆ ಅದು ಕ್ರೂರವಾಗುತ್ತದೆ. ಅವರಿಗಿರುವುದು ದುರಾಸೆಯಲ್ಲ, ಮಾಡಿದ ಕೆಲಸಕ್ಕೆ ಬೆಲೆ ಬರಲಿ ಎಂಬ ನ್ಯಾಯವಾದ ನಿರೀಕ್ಷೆ. ರಸ್ತೆಯಲ್ಲೂ ಮಾರುಕಟ್ಟೆಯಲ್ಲೂ ಇರುವ ತೊಂದರೆಯನ್ನು ಮನಸ್ಸಿನೊಳಗೆ ಹುಡುಕಲು ಹೇಳುವುದು ಈ ಪ್ರಕಾರದ ದೊಡ್ಡ ಕುರುಡು. ಅವರಿಗೆ ನಿದ್ದೆ ಬಾರದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ನಿಜ. ಜೊತೆಗೆ ಆ ನಿದ್ದೆಗೇಡಿಗೆ ಕಾರಣವಿದೆ ಎಂದು ಒಪ್ಪುವವರೂ ಬೇಕು.

ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ ಉಚಿತ ಆಪ್ತಸಲಹೆಗಾಗಿ ಕಟ್ಟಿದ ಕೇಂದ್ರದ ಹೆಸರು 'ಸಮಾಧಾನ'. ಆ ಪದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ ಅದನ್ನು ಎರಡು ಬಗೆಯಲ್ಲಿ ಬಳಸುತ್ತೇವೆ. 'ಸಮಾಧಾನ ಮಾಡಿಕೋ' ಎಂದರೆ ನಿನ್ನ ಪಾಡಿಗೆ ನೀನು ನುಂಗಿಕೋ ಎಂದರ್ಥ. ಹೇಳಿದವನ ಕೆಲಸ ಅಲ್ಲಿಗೆ ಮುಗಿಯಿತು. 'ಸಮಾಧಾನ ಹೇಳು' ಎಂದಾಗ ಮಾತ್ರ ಇಬ್ಬರು ಬೇಕು. ಒಬ್ಬರು ನೊಂದವರು, ಇನ್ನೊಬ್ಬರು ಪಕ್ಕದಲ್ಲಿ ಕೂತವರು. ಕೇಂದ್ರ ಮಾಡುವುದು ಎರಡನೆಯ ಕೆಲಸ. ಎದುರಿಗೆ ಕೂತು ಕೇಳುವ ಕೆಲಸ. ನಮ್ಮ ಕೈಪಿಡಿಗಳು ಬಹಳಷ್ಟು ಸಲ ಮೊದಲನೆಯದಕ್ಕೆ ಜಾರಿಬಿಡುತ್ತವೆ. ಪುಸ್ತಕದ ಸ್ವಭಾವವೂ ಇದಕ್ಕೆ ಕಾರಣವಿರಬಹುದು, ಪುಸ್ತಕ ಹೇಳಬಲ್ಲದು, ಕೇಳಲಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಕೇಳುತ್ತದೆ. ಇಂಥ ಸಂಖ್ಯೆಯೊಂದು ಕೈಪಿಡಿಯ ಕೊನೆಯ ಪುಟದಲ್ಲಿ ಇದ್ದರೆ ಅದು ತೃಪ್ತಿಯ ಬಗೆಗಿನ ಹತ್ತು ಪುಟಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ಕೈಪಿಡಿಯನ್ನು ಓದುವಾಗ ಕಾದಂಬರಿಯ ಪ್ರಶ್ನೆ ಕೇಳಿ: ಈ ಸಲಹೆಯನ್ನು ಪಾಲಿಸಿದರೆ ಯಾರಿಗೆ ನೆಮ್ಮದಿ, ನೊಂದವರಿಗೋ, ಅವರ ಮೌನದಿಂದ ಲಾಭ ಪಡೆಯುವವರಿಗೋ? ಕಾದಂಬರಿಯನ್ನು ಓದುವಾಗ ಕೈಪಿಡಿಯ ಪ್ರಶ್ನೆ ಕೇಳಿ: ಇಲ್ಲಿ ಕಾಯಿಲೆ ಎಷ್ಟು, ಕತೆ ಎಷ್ಟು? 'ವ್ಯಕ್ತಿಯ ಮೌಲ್ಯಗಳು ಮತ್ತು ಮಾನಸಿಕ ಆರೋಗ್ಯ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದರೆ, ಮೌಲ್ಯಗಳ ಪಟ್ಟಿ ಮಾಡುವ ಮೊದಲು ಆ ವ್ಯಕ್ತಿ ಯಾರ ಮನೆಯಲ್ಲಿದ್ದಾನೆ ಎಂದು ನೋಡಿ. ಭಾವನಾತ್ಮಕ ಬುದ್ಧಿವಂತಿಕೆ ಒಬ್ಬರ ತಲೆಯೊಳಗಿನ ಗುಣವೆಂದು ಬ್ಯಾನರ್ ಹೇಳುತ್ತದೆ. ನಮ್ಮ ಒಳ್ಳೆಯ ಕಾದಂಬರಿಗಳ ಪ್ರಕಾರ ಅದು ಇಬ್ಬರ ನಡುವೆ ಇರುವಂಥದ್ದು, ಇಲ್ಲದಿದ್ದರೆ ಇಬ್ಬರ ನಡುವೆಯೇ ಇಲ್ಲವಾಗುವಂಥದ್ದು.

ಚನ್ನಪಟ್ಟಣದ ವೈದ್ಯರ ಸರಳ ವಾಕ್ಯ ತ್ರಿವೇಣಿಯವರ ಸತೀಶನ ಕೈಗೆ ಸಕಾಲದಲ್ಲಿ ಸಿಕ್ಕಿದ್ದರೆ ಅವನು ಹೆಂಡತಿಯ ಪ್ರಲಾಪವನ್ನು ಸಾಕ್ಷ್ಯವೆಂದು ಓದುತ್ತಿರಲಿಲ್ಲವೇನೋ. ಅದು ಕೈಪಿಡಿ ಕಾದಂಬರಿಗೆ ಕೊಡಬಹುದಾದ ಉತ್ತರ. ಆದರೆ ಕಾವೇರಿ ಕೈಪಿಡಿಗೆ ಹಾಕುವ ಪ್ರಶ್ನೆ ಹಾಗೇ ಉಳಿದಿದೆ. ನಾನು ಗುಣವಾಗಿದ್ದೇನೆ ಎಂದು ನಿಮ್ಮ ವೈದ್ಯರು ಬರೆದುಕೊಟ್ಟಿದ್ದಾರೆ, ಸರಿ. ನಾನು ಹೋಗಬೇಕಾದ ಮನೆಗೆ ಯಾರು ಚಿಕಿತ್ಸೆ ಕೊಡುತ್ತಾರೆ?